ಪಕಾಲ್ ಹುಟ್ಟಿದ್ದು ಮಾರ್ಚ್ 21ಕ್ಕೋ 26ಕ್ಕೋ? ಮಾಯಾ ದಿನಾಂಕ ಲೆಕ್ಕ ಹಾಕುವ ಬಗೆ

ಹಾಳೆಹುಳು ಕೇಳಿದ್ದು:

ಪಾಲೆಂಕೆ ಎಂಬ ಮಾಯಾ ನಗರದ ದೊರೆ ಕಿನಿಚ್ ಜನಾಬ್ ಪಕಾಲ್ ಕುರಿತು ಕನ್ನಡದಲ್ಲಿ ಒಂದು ಲೇಖನ ತಯಾರಾಗುತ್ತಿದೆ. ಅವನ ಜನ್ಮದಿನ ಶಾಸನದ ಪ್ರಕಾರ 9.8.9.13.0, 8 ಅಹಾವ್ 13 ಪೋಪ್. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ನಮ್ಮ ಕ್ಯಾಲೆಂಡರಿಗೆ ಇಳಿಸಿದಾಗ ಕ್ರಿ.ಶ. 603ರ ಮಾರ್ಚ್ 21, 23, 24, 26 ಎಂದು ನಾಲ್ಕು ಉತ್ತರ ಸಿಗುತ್ತವೆ. ಯಾವುದನ್ನು ಹಾಕಬೇಕು? ವೆಬ್‌ಸೈಟುಗಳನ್ನು ನಂಬದೆ ಪೆನ್ನು ಕಾಗದ ಹಿಡಿದು ತಾಳೆ ನೋಡುವುದು ಹೇಗೆ?

ಜೊತೆಗೆ ಇನ್ನೊಂದು: "ಮಾಯಾ ನಾಗರಿಕತೆ ಕ್ರಿ.ಶ. 909ರಲ್ಲಿ ಅಳಿಯಿತು" ಎಂದು ಬರೆದರೆ ಸರಿಯಾಗುತ್ತದೆಯೇ?

ದಿನಗಣ:

ಮೊದಲು ಲೆಕ್ಕ. 9.8.9.13.0 ಎಂಬ ಆ ಅಂಕಿಸಾಲಿಗೆ ಲಾಂಗ್ ಕೌಂಟ್ ಎನ್ನುತ್ತಾರೆ. ಅದು ನಮ್ಮ ಪಂಚಾಂಗದವರ ಅಹರ್ಗಣ ಇದ್ದ ಹಾಗೆ, ಗೊತ್ತಾದ ಒಂದು ದಿನದಿಂದ ಇಲ್ಲಿಯವರೆಗೆ ಎಷ್ಟು ದಿನ ಸಂದಿತು ಎಂಬ ಎಣಿಕೆ. ಬಲಗಡೆಯಿಂದ ಓದಿ: ಕಿನ್ 1 ದಿನ, ವಿನಾಲ್ 20, ತುನ್ 360, ಕತುನ್ 7,200, ಬಕ್ತುನ್ 1,44,000. ಪಕಾಲನ ಜನನಕ್ಕೆ ಇಳಿಸಿದರೆ 12,96,000 + 57,600 + 3,240 + 260 + 0, ಒಟ್ಟು 13,57,100 ದಿನ.

ಇದನ್ನು ಮುಂದಕ್ಕೆ ಒಯ್ಯುವ ಮೊದಲು ಕಲ್ಲಿನ ಮೇಲಿನ ಉಳಿದ ಎರಡು ಪಂಚಾಂಗಗಳ ಜೊತೆ ಹೊಂದಿಸಿ ನೋಡಲೇಬೇಕು. ಶೂನ್ಯ ದಿನ 4 ಅಹಾವ್ 8 ಕುಮ್‌ಕು. 260 ದಿನದ ತ್ಸೋಲ್ಕಿನ್‌ಗೆ: ಒಟ್ಟು ದಿನಕ್ಕೆ 4 ಕೂಡಿಸಿ 13ರಿಂದ ಭಾಗಿಸಿ, ಶೇಷವೇ ಅಂಕಿ (ಶೇಷ 0 ಬಂದರೆ 13). ಇಲ್ಲಿ 8 ಬರುತ್ತದೆ. ಒಟ್ಟನ್ನು 20ರಿಂದ ಭಾಗಿಸಿದ ಶೇಷ 0, ಅಂದರೆ ಹೆಸರು ಅಹಾವ್. 365 ದಿನದ ಹಾಬ್‌ಗೆ: ಒಟ್ಟಿಗೆ 348 ಕೂಡಿಸಿ 365ರಿಂದ ಭಾಗಿಸಿ. ಶೇಷ 13. 20 ದಿನದ ಮೊದಲ ತಿಂಗಳು ಪೋಪ್, ಹಾಗಾಗಿ 13 ಪೋಪ್. ಮೂರೂ ಕೂಡಿದವು. ಹಾಬ್ ತಿಂಗಳ ದಿನಗಳು 0ಯಿಂದ 19ರವರೆಗೆ ಓಡುತ್ತವೆ ಎಂಬುದು ನೆನಪಿರಲಿ. 1ರಿಂದ ಎಣಿಸಿದರೆ ಒಂದು ದಿನ ಜಾರುತ್ತದೆ.

ತಪ್ಪು ಹೆಚ್ಚಾಗಿ ಆಗುವುದು ತುನ್ ಸ್ಥಾನದಲ್ಲಿ. ಉಳಿದೆಲ್ಲ ಕಡೆ ಇಪ್ಪತ್ತರ ಗುಣಾಕಾರ ಇರುವುದರಿಂದ ಇಲ್ಲಿಯೂ 20 × 20 ಎಂದು 400 ಹಿಡಿದುಬಿಡುತ್ತಾರೆ. ಇರುವುದು 18 ವಿನಾಲ್, 360 ದಿನ. ಪಕಾಲನ ಮರಣದಿನ 9.12.11.5.18ರ ಮೇಲೆ ಪ್ರಯೋಗಿಸಿ: ಸರಿಯಾದ ಮೊತ್ತ 13,86,478, ಉತ್ತರ 6 ಎತ್ಸ್‌ನಾಬ್ 11 ಯಾಷ್, ಶಾಸನದಲ್ಲಿರುವುದೂ ಅದೇ. 400 ಹಿಡಿದರೆ 440 ದಿನ ಹೆಚ್ಚಾಗಿ 4 ಎತ್ಸ್‌ನಾಬ್ 6 ಕಾನ್‌ಕಿನ್ ಬರುತ್ತದೆ. ಹೆಸರು ಸರಿಯಿದ್ದು ಅಂಕಿ ಮಾತ್ರ ಕೆಟ್ಟಿದ್ದರೆ ತುನ್ ಸಾಲನ್ನೇ ಮೊದಲು ನೋಡಿ. 440 ಇಪ್ಪತ್ತರ ಮಗ್ಗಿಯಲ್ಲಿ ಬರುವುದರಿಂದ ದಿನದ ಹೆಸರು ಅಲುಗುವುದಿಲ್ಲ.

ಇನ್ನು ನಮ್ಮ ಕ್ಯಾಲೆಂಡರು. 13,57,100ಕ್ಕೆ 5,84,283 ಕೂಡಿಸಿದರೆ ಖಗೋಳದವರು ಬಳಸುವ ಜೂಲಿಯನ್ ದಿನಸಂಖ್ಯೆ 19,41,383. ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ 603ರ ಜನವರಿ 1ರ ಸಂಖ್ಯೆ 19,41,304. ವ್ಯತ್ಯಾಸ 79, ಅಂದರೆ ವರ್ಷದ 80ನೇ ದಿನ, ಮಾರ್ಚ್ 21. ಏಳನೇ ಶತಮಾನಕ್ಕೆ ಗ್ರೆಗೋರಿಯನ್ (ನಾವು ಈಗ ಬಳಸುವ ಕ್ಯಾಲೆಂಡರು) ಬೇಕಾದರೆ 3 ದಿನ ಸೇರಿಸಿ, ಮಾರ್ಚ್ 24. ಎಕ್ಸೆಲ್‌ನ ದಿನಾಂಕದ ಸೂತ್ರ ಬಳಸಲು ಹೋಗಬೇಡಿ, 1900ಕ್ಕಿಂತ ಹಿಂದಿನದು ಅದಕ್ಕೆ ಗೊತ್ತಿಲ್ಲ. ಬರೀ ಸಂಖ್ಯೆಗಳಾಗಿ ಕೂಡಿಸಿ.

ಕಲ್ಬರಹ:

ಮೇಲಿನವರು ಕೂಡಿಸಿದ 5,84,283 ಎಂಬ ಸಂಖ್ಯೆಯಲ್ಲೇ ನಿಮ್ಮ ಗೊಂದಲದ ಉಳಿದರ್ಧ ಇದೆ. ಗುಡ್‌ಮನ್, ಮಾರ್ತಿನೆಜ್, ಥಾಂಪ್ಸನ್ ಮೂವರು ವಿದ್ವಾಂಸರ ಕೆಲಸದಿಂದ ನಿಂತ, ಮಾಯಾ ಎಣಿಕೆಯನ್ನು ನಮ್ಮ ಕ್ಯಾಲೆಂಡರಿಗೆ ಜೋಡಿಸುವ ಹೊಂದಾಣಿಕೆ ಇದು. ಥಾಂಪ್ಸನ್ 1935ರಲ್ಲಿ 5,84,285 ಎಂದಿದ್ದರು, 1950ರಲ್ಲಿ 5,84,283ಕ್ಕೆ ಬಂದರು. ಕೆಲವು ಶಾಸನತಜ್ಞರು 285ನ್ನು ಬಿಟ್ಟುಕೊಡಲಿಲ್ಲ. ಈಗ ನಾಲ್ಕು ಉತ್ತರವೂ ಬಿಡಿಸಿಕೊಳ್ಳುತ್ತವೆ: 283 ಹಿಡಿದರೆ ಜೂಲಿಯನ್ ಮಾರ್ಚ್ 21, ಗ್ರೆಗೋರಿಯನ್ 24. 285 ಹಿಡಿದರೆ 23 ಮತ್ತು 26. ಯಾವುದೂ ಲೆಕ್ಕದ ತಪ್ಪಲ್ಲ.

283ರ ಪರವಾದ ಬಲವಾದ ಸಾಕ್ಷಿ ಬದುಕಿರುವ ಜನರದು. ಗ್ವಾಟೆಮಾಲದ ಗುಡ್ಡಗಾಡಿನ ಕಿಚೆ ಮಾಯಾ ದಿನಪಾಲಕರು 260 ದಿನದ ಎಣಿಕೆಯನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ, ಅವರ ದಿನ 283ಕ್ಕೆ ಸರಿಯಾಗಿ ಕೂಡುತ್ತದೆ. ವಿರುದ್ಧ ಸಾಕ್ಷಿಯೂ ಗಟ್ಟಿಯೇ. ಚಿಯಾಪಾಸ್‌ನ ಪೋಕೊ ಉಯಿನಿಕ್‌ನ ಶಿಲಾಸ್ತಂಭದಲ್ಲಿ 9.17.19.13.16, 5 ಕಿಬ್ 14 ಚೆನ್ ಎಂಬ ದಿನಕ್ಕೆ ಸೂರ್ಯಗ್ರಹಣದ ಚಿಹ್ನೆ ಇದೆ. ನಿಜವಾದ ಗ್ರಹಣ ಆದದ್ದು 790ರ ಜುಲೈ 16ರಂದು (ಜೂಲಿಯನ್). 283 ಹಿಡಿದರೆ ಜುಲೈ 13 ಬರುತ್ತದೆ, 285ಕ್ಕೂ ಒಂದು ದಿನ ಕಡಿಮೆಯೇ. ಹಾಗಾಗಿ 2012ರಲ್ಲಿ 5,84,286 ಎಂಬ ಸೂಚನೆಯೂ ಬಂತು. ಟಿಕಾಲ್‌ನ ಒಂದನೇ ದೇಗುಲದ ಮರದ ತೊಲೆಯ ಕಾರ್ಬನ್ ಪರೀಕ್ಷೆ (2013) ಈ ಗುಂಪಿನ ಹೊಂದಾಣಿಕೆಯೇ ಸರಿ ಎಂದು ತೋರಿಸಿತು. ಆದರೆ ಎರಡು ಮೂರು ದಿನದ ಜಗಳ ತೀರಿಸುವಷ್ಟು ಸೂಕ್ಷ್ಮ ಆ ವಿಧಾನಕ್ಕಿಲ್ಲ.

ನನ್ನ ಸಲಹೆ: 283 ಹಿಡಿದು "ಮಾರ್ಚ್ 24 (ಗ್ರೆಗೋರಿಯನ್)" ಎಂದು ಹಾಕಿ, ಯಾವ ಸಂಖ್ಯೆ ಬಳಸಿದ್ದೀರಿ ಎಂದು ಮೊದಲ ಅಡಿಟಿಪ್ಪಣಿಯಲ್ಲೇ ಹೇಳಿ. ಆಮೇಲೆ ಇಡೀ ಲೇಖನದಲ್ಲಿ ಅದನ್ನೇ ಪಾಲಿಸಿ. ಜನನ ಒಂದು ಪುಸ್ತಕದಿಂದ, ಮರಣ ಇನ್ನೊಂದರಿಂದ ಎತ್ತಿದರೆ ಅವನ ಆಯುಷ್ಯವೇ ಹೆಚ್ಚುಕಮ್ಮಿ ಆಗುತ್ತದೆ. ಕಲ್ಲಿನ ಪ್ರಕಾರ ಅದು ಸರಿಯಾಗಿ 29,378 ದಿನ, ಯಾವ ಹೊಂದಾಣಿಕೆ ಹಿಡಿದರೂ ಬದಲಾಗದು. 283ರಲ್ಲಿ ಮರಣ 683ರ ಆಗಸ್ಟ್ 29. ವೆಬ್‌ಸೈಟು ಏನು ಬಳಸುತ್ತಿದೆ ಎಂದು ತಿಳಿಯಲು 13.0.0.0.0 ಹಾಕಿ ನೋಡಿ. 2012ರ ಡಿಸೆಂಬರ್ 21 ಬಂದರೆ 283, 23 ಬಂದರೆ 285. ಕೆಲವು ಕಡೆ ಇದೇ ಅಂಕಿಗೆ ಕ್ರಿ.ಪೂ. 3114ರ ಆಗಸ್ಟ್ ಬಂದರೆ ಗಾಬರಿ ಬೇಡ, ಶೂನ್ಯ ದಿನವನ್ನೂ ಅವರು 13.0.0.0.0 ಎಂದೇ ಬರೆಯುತ್ತಿದ್ದರು.

ಸುಣ್ಣಗಾರೆ:

909ರ ಪ್ರಶ್ನೆಗೆ: ದಯವಿಟ್ಟು ಹಾಗೆ ಬರೆಯಬೇಡಿ. ಅದು ತೊನಿನಾ ಎಂಬ ಮಾಯಾ ನಗರದ 101ನೇ ಸ್ಮಾರಕದ ದಿನಾಂಕ, 10.4.0.0.0. ಲಾಂಗ್ ಕೌಂಟ್‌ನಲ್ಲಿ ಕೆತ್ತಿದ ಕೊನೆಯ ಸ್ಮಾರಕ ಎಂದಷ್ಟೇ ಅದರ ಅರ್ಥ. ಅಲ್ಲಿಗೆ ನಿಂತದ್ದು ದಕ್ಷಿಣದ ತಗ್ಗುನಾಡಿನ ದೊರೆಗಳು ಕಂಬ ನಿಲ್ಲಿಸುವ ಪದ್ಧತಿ. ಅದೂ ಊರೂರಿಗೆ ಬೇರೆ ಬೇರೆ ಕಾಲಕ್ಕೆ: ಟಿಕಾಲ್‌ನಲ್ಲಿ 869, ಸೇಬಾಲ್‌ನಲ್ಲಿ 889. ಕೋಪಾನ್‌ನ 'ಎಲ್' ಪೀಠವನ್ನು ನೋಡಿ. 822ರಲ್ಲಿ ಪಟ್ಟಕ್ಕೆ ಬಂದ ಉಕಿತ್ ತೋಕ್‌ನ ಚಿತ್ರ ಒಂದು ಮುಖದಲ್ಲಿ ಮುಗಿದಿದೆ, ಇನ್ನೊಂದು ಮುಖದಲ್ಲಿ ಕೆತ್ತನೆ ಶುರುವಾಗಿ ಅರ್ಧಕ್ಕೇ ನಿಂತಿದೆ.

ಕಾರಣಕ್ಕೆ "ಬರ" ಎಂಬ ಒಂದೇ ಪದ ಸಾಲದು. ಬರ ಬಂದದ್ದು ನಿಜ. ಯುಕಟಾನ್‌ನ ಚಿಚಂಕನಾಬ್ ಸರೋವರದಲ್ಲಿ ನೀರು ಆವಿಯಾಗಿ ಇಳಿದಾಗಲೆಲ್ಲ ಜಿಪ್ಸಮ್ ತಳಕ್ಕೆ ಕೂತಿದೆ, ಆ ಪದರಗಳು ಒಂಬತ್ತನೇ ಶತಮಾನದ ಆಸುಪಾಸಿನಲ್ಲಿ ದಟ್ಟವಾಗಿವೆ. ಟಿಕಾಲ್‌ಗೆ ಹತ್ತಿರದಲ್ಲಿ ನದಿಯಿಲ್ಲ. ಗಾರೆ ಬಳಿದ ಅಂಗಳಗಳನ್ನು ಇಳಿಜಾರು ಮಾಡಿ ಮಳೆನೀರನ್ನು ಕೆರೆಗಳಿಗೆ ಹರಿಸುತ್ತಿದ್ದರು. 2020ರ ಅಧ್ಯಯನವೊಂದರಲ್ಲಿ ಅರಮನೆ ಪಕ್ಕದ ಕೆರೆಗಳ ಹೂಳಿನಲ್ಲಿ ಪಾದರಸವೂ ವಿಷಕಾರಿ ಸಯನೋಬ್ಯಾಕ್ಟೀರಿಯಾದ ಕುರುಹೂ ಸಿಕ್ಕವು. ಪಾದರಸ ಬಂದದ್ದು ಬಹುಮಟ್ಟಿಗೆ ಅವರು ಕೆಂಪು ಬಣ್ಣಕ್ಕೆ ಬಳಸುತ್ತಿದ್ದ ಇಂಗುಲಿಕದಿಂದ. ಮಳೆ ಕೈಕೊಟ್ಟಾಗ ಉಳಿದ ನೀರೂ ಕುಡಿಯುವಂತಿರಲಿಲ್ಲ.

ಆದರೆ ದೋಸ್ ಪಿಲಾಸ್ ಬಿದ್ದದ್ದು 761ರಲ್ಲಿ, ದೊಡ್ಡ ಬರಗಳಿಗೂ ಮೊದಲು. ಅಲ್ಲಿ ಉಳಿದವರು ಅರಮನೆ ದೇಗುಲಗಳ ಹೊದಿಕೆಗಲ್ಲು ಕಿತ್ತು ನಟ್ಟನಡುವಿನ ಅಂಗಳದಲ್ಲೇ ಅವಸರದ ಕೋಟೆಗೋಡೆ ಕಟ್ಟಿಕೊಂಡರು, ಶಾಸನದ ಮೆಟ್ಟಿಲುಗಳನ್ನೂ ಬಿಡಲಿಲ್ಲ. ಇದು ಯುದ್ಧದ ಗುರುತು. ಇನ್ನೊಂದೆಡೆ, ಇನ್ನೂ ಒಣನಾಡಾದ ಉತ್ತರದಲ್ಲಿ ಚಿಚೆನ್ ಇಟ್ಜಾ ಅದೇ ಕಾಲಕ್ಕೆ ಏಳಿಗೆಗೆ ಬಂತು. ಬರವೊಂದೇ ಕಾರಣವಾಗಿದ್ದರೆ ಮೊದಲು ಬೀಳಬೇಕಾಗಿದ್ದದ್ದು ಅದೇ ಅಲ್ಲವೇ?

ಲೇಖನಕ್ಕೆ ಈ ವಾಕ್ಯ ಸಾಕು: "ಸುಮಾರು 760ರಿಂದ 909ರ ನಡುವೆ ದಕ್ಷಿಣದ ತಗ್ಗುನಾಡಿನಲ್ಲಿ ರಾಜಮನೆತನಗಳು ಒಂದೊಂದಾಗಿ ಮುರಿದವು, ನಗರಗಳು ಖಾಲಿಯಾದವು." ಇಟ್ಜಾ ಮಾಯಾ ರಾಜಧಾನಿ ನೋಹ್‌ಪೆತೆನ್ ಸ್ಪೇನಿಗರ ಕೈಗೆ ಬಿದ್ದದ್ದು 1697ರಲ್ಲಿ. ಮಾಯಾ ಭಾಷೆಗಳನ್ನು ಇಂದಿಗೂ ಲಕ್ಷಾಂತರ ಜನ ಆಡುತ್ತಾರೆ. "ಅಳಿಯಿತು" ಎಂಬ ಪದವನ್ನು ಶೀರ್ಷಿಕೆಯಿಂದಲೂ ತೆಗೆಯಿರಿ.

ದಿನಗಣ:

ಒಂದು ಸೇರ್ಪಡೆ. 909ನ್ನು ಹಾಕುವುದಾದರೆ ಅದಕ್ಕೂ 283ನ್ನೇ ಬಳಸಿ: ಒಟ್ಟು 14,68,800 ದಿನ, 12 ಅಹಾವ್ 3 ವೋ, ಜೂಲಿಯನ್ ಜನವರಿ 13. ಹತ್ತನೇ ಶತಮಾನಕ್ಕೆ ಬರುವಷ್ಟರಲ್ಲಿ ಗ್ರೆಗೋರಿಯನ್ ವ್ಯತ್ಯಾಸ 3 ಅಲ್ಲ, 5 ದಿನ ಆಗಿರುತ್ತದೆ. ಹಾಗಾಗಿ ಜನವರಿ 18.