ಲಿಫ್ಟರ್‌ಗೆ ಸಿಗದ ಚಪ್ಪಾಳೆ

ಪ್ರಶ್ನೆ:
ಕಾಲೇಜಿನ ವಾಲಿಬಾಲ್ ತಂಡದಲ್ಲಿ ನಾನು ಎರಡು ವರ್ಷಗಳಿಂದ ಲಿಫ್ಟರ್. ಚೆಂಡನ್ನು ನೆಟ್‌ನಿಂದ ಒಂದು ಮೊಳ ಈಚೆಗೆ, ಸ್ಮ್ಯಾಷರ್ ಜಿಗಿಯುವ ಎತ್ತರಕ್ಕೆ ಸರಿಯಾಗಿ ಎತ್ತಿಕೊಡುವುದು ನನ್ನ ಕೆಲಸ. ಪಾಯಿಂಟ್ ಬಂದಾಗ ಜನ ಕೂಗುವುದು ಅವನ ಹೆಸರನ್ನು. ಮೊನ್ನೆ ತಾಲ್ಲೂಕು ಪಂದ್ಯ ಗೆದ್ದಾಗ ಎಲ್ಲರೂ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು, ನನ್ನ ಮನಸ್ಸು ಮಾತ್ರ ಪೂರ್ತಿ ಅರಳಲಿಲ್ಲ. ಇನ್ನೊಬ್ಬರ ಗೆಲುವಿನಲ್ಲಿ ಮನಸಾರೆ ಸಂತೋಷಪಡುವುದು ನಿಜಕ್ಕೂ ಸಾಧ್ಯವೇ?

ಉತ್ತರ 1:
ಸಾಧ್ಯ. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸ್‌ನ ಒಂಬತ್ತೂ ವಿಕೆಟ್‌ಗಳನ್ನು ಅನಿಲ್ ಕುಂಬ್ಳೆ ಪಡೆದಿದ್ದರು. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾಗಿದ್ದವರು ಕರ್ನಾಟಕ ತಂಡದಲ್ಲೂ ಅವರ ಜೊತೆಗಾರರಾದ ಜಾವಗಲ್ ಶ್ರೀನಾಥ್. ವಿಕೆಟ್ ಕೀಳುವುದಕ್ಕೆಂದೇ ಅಷ್ಟು ದೂರದಿಂದ ಓಡಿ ಬರುವ ಆ ವೇಗಿ, ಹತ್ತನೆಯದು ಅಪ್ಪಿತಪ್ಪಿಯೂ ತಮ್ಮ ಪಾಲಾಗದಿರಲೆಂದು ಆಫ್ ಸ್ಟಂಪ್‌ನಿಂದ ಬಹಳ ಆಚೆಗೆ, ಅಂಪೈರ್ ವೈಡ್ ಕೊಡುವಷ್ಟು ಆಚೆಗೆ ಚೆಂಡು ಹಾಕಿದರು. ಮುಂದಿನ ಓವರಿನ ಮೂರನೇ ಎಸೆತದಲ್ಲಿ ವಾಸಿಂ ಅಕ್ರಮ್ ಕೊಟ್ಟ ಕ್ಯಾಚನ್ನು ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್ ಹಿಡಿದರು. 74 ರನ್ನಿಗೆ 10 ವಿಕೆಟ್! ಆ ಇನಿಂಗ್ಸ್‌ನಲ್ಲಿ ಶ್ರೀನಾಥರ ಹೆಸರಿನ ಮುಂದೆ ಒಂದೂ ವಿಕೆಟ್ ಇಲ್ಲ, ಆದರೆ ನಮ್ಮ ಮನೆಯಲ್ಲಿ ಆ ದಿನದ ಮಾತು ಬಂದರೆ ನನ್ನ ತಂದೆ ಇವತ್ತಿಗೂ ಮೊದಲು ಹೇಳುವುದು ಶ್ರೀನಾಥರ ಆ ಓವರಿನ ಕಥೆಯನ್ನೇ.

ಉತ್ತರ 2:
ಅದು ದೊಡ್ಡ ಉದಾಹರಣೆ, ಒಪ್ಪುತ್ತೇನೆ. ಆದರೆ ಶ್ರೀನಾಥ್ ಅಷ್ಟರಲ್ಲೇ ಹೆಸರು ಮಾಡಿದ್ದವರು, ಇನ್ನೂ ಕಲಿಯುತ್ತಿರುವ ಹುಡುಗನಿಗೆ ಆ ಮನಸ್ಸು ಒಂದೇ ದಿನದಲ್ಲಿ ಬರುವುದಿಲ್ಲ. ನಾನೂ ಹತ್ತು ವರ್ಷ ಲಿಫ್ಟರ್ ಆಗಿದ್ದೆ. ನನ್ನೊಳಗಿನ ಕಸಿವಿಸಿ ಕರಗಿದ್ದು ಯಾರ ಉಪದೇಶದಿಂದಲೂ ಅಲ್ಲ. ನಮ್ಮ ಸ್ಮ್ಯಾಷರ್ ಪಾಯಿಂಟ್ ಬಂದ ಕೂಡಲೇ, ಪ್ರೇಕ್ಷಕರತ್ತ ತಿರುಗುವ ಮೊದಲು, ನನ್ನ ಕಡೆ ಬೆರಳು ತೋರುತ್ತಿದ್ದ. ಅವನ ಮೊಣಕಾಲು ನೋಯುತ್ತಿದ್ದ ದಿನಗಳಲ್ಲಿ ನಾನು ಯಾರಿಗೂ ಹೇಳದೆ ಚೆಂಡನ್ನು ಅರ್ಧ ಅಡಿ ಕೆಳಗೆ ಎತ್ತತೊಡಗಿದೆ. ಎದುರಿನ ಬ್ಲಾಕರ್‌ಗಳು ಕೈ ಎತ್ತುವಷ್ಟರಲ್ಲಿ ಚೆಂಡು ನೆಲಕ್ಕೆ ಬಡಿದ ಸದ್ದು ಕೇಳಿದಾಗ, ಆ ಹೊಡೆತ ಅವನದೋ ನನ್ನದೋ ಎಂಬ ಲೆಕ್ಕವೇ ನನಗೆ ನೆನಪಾಗಲಿಲ್ಲ. ನಿಮ್ಮ ಸ್ಮ್ಯಾಷರ್‌ಗೆ ಯಾವ ಎತ್ತರ ಬೇಕೆಂದು ಎಂದಾದರೂ ಕೇಳಿದ್ದೀರಾ?

ಪ್ರಶ್ನೆ ಕೇಳಿದವರು:
ಇಲ್ಲ, ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾಳೆ ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲೇ ಬಾ ಎಂದು ಈಗಷ್ಟೇ ಅವನಿಗೆ ಹೇಳಿದೆ.