ಹೆರಿಗೆ ವೇಳೆಯ ಸೆಪ್ಸಿಸ್: ಸಿಸ್ಟಮ್ಸ್ ಬಯಾಲಜಿಯಿಂದ ಸಹಾಯ ಆಗುತ್ತದಾ?

ವಾರ್ಡ್_ನರ್ಸ್: ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಹೆರಿಗೆ ಹೊತ್ತಿಗೆ ಬಿಳಿ ರಕ್ತಕಣ 20,000 ದಾಟಿದರೂ ಎಷ್ಟೋ ಸಲ ಸೋಂಕೇ ಇರುವುದಿಲ್ಲ. ನಾಡಿಬಡಿತವಂತೂ ಹೇಗೂ ಜಾಸ್ತಿ. ಹಾಗಿರುವಾಗ ಸೆಪ್ಸಿಸ್ (ಸೋಂಕಿಗೆ ದೇಹ ಹದತಪ್ಪಿ ಪ್ರತಿಕ್ರಿಯಿಸಿ ಅಂಗಗಳೇ ಕೆಡುವ ಸ್ಥಿತಿ) ಶುರುವಾಗಿದ್ದನ್ನು ಬೇಗ ಹಿಡಿಯುವುದು ಹೇಗೆ? ಸಿಸ್ಟಮ್ಸ್ ಬಯಾಲಜಿ ಇದಕ್ಕೇನಾದರೂ ದಾರಿ ತೋರಿಸುತ್ತದಾ?

ಜೀನ್_ಓದುಗ: ತೋರಿಸಬಹುದು. ಅದು ಯಾವುದೋ ಒಂದು ಸಂಖ್ಯೆಯನ್ನು ನಂಬುವುದಿಲ್ಲ. ರಕ್ತದಲ್ಲಿ ಯಾವ ಜೀನ್‌ಗಳು ಚುರುಕಾಗಿವೆ, ಯಾವ ಪ್ರೋಟೀನ್ ಏರಿದೆ, ಯಾವುದು ಇಳಿದಿದೆ, ಎಲ್ಲವನ್ನೂ ಒಟ್ಟಿಗೆ ನೋಡುತ್ತದೆ. ಹೋಲಿಸಬೇಕಾದದ್ದು ಅದೇ ಹಂತದ ಆರೋಗ್ಯವಂತ ಗರ್ಭಿಣಿಯರ ಜೊತೆ. ತೊಡಕು ಇರುವುದೇ ಇಲ್ಲಿ. ಸೆಪ್ಸಿಸ್ ಅಧ್ಯಯನಗಳು ಗರ್ಭಿಣಿಯರನ್ನು ಹೊರಗಿಟ್ಟಿದ್ದೇ ಹೆಚ್ಚು. ಬೇರೆಯವರಿಗೆ ಮಾಡಿದ ಅಳತೆಯನ್ನು ಬಾಣಂತಿಗೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಸೂತಿ_ವೈದ್ಯೆ: ಸಂಶೋಧನೆ ಬೇಕೇ ಬೇಕು. ಆದರೆ ದಯವಿಟ್ಟು ಅದಕ್ಕಾಗಿ ಕಾಯಬೇಡಿ. ಸೋಂಕು ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ್ದಾಗಿದ್ದರೆ ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಗರ್ಭಧಾರಣೆಯಲ್ಲಿ ಅದು ಅಷ್ಟಾಗಿ ಬದಲಾಗುವುದಿಲ್ಲ. 25 ಮುಟ್ಟಿದರೆ, ಮಾತು ತಡವರಿಸಿದರೆ, ಕೂಡಲೇ ವೈದ್ಯರನ್ನು ಕರೆಯಿರಿ. ಸೆಪ್ಸಿಸ್ ಅನುಮಾನ ಬಲವಾಗಿದ್ದರೆ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ), ಲ್ಯಾಕ್ಟೇಟ್ (ಅಂಗಾಂಶಗಳು ಒತ್ತಡದಲ್ಲಿದ್ದರೆ ರಕ್ತದಲ್ಲಿ ಏರುವ ಅಂಶ) ಪರೀಕ್ಷೆ, ಒಂದು ಗಂಟೆಯೊಳಗೆ ಆಂಟಿಬಯಾಟಿಕ್.

ವಾರ್ಡ್_ನರ್ಸ್: ಸಂಶೋಧನೆಗೆ ಮಾದರಿ ಕೊಡುವುದಾದರೆ ರಕ್ತ ಯಾವಾಗ ತೆಗೆಯಬೇಕು?

ಜೀನ್_ಓದುಗ: ತಾಯಿ ಒಪ್ಪಿದರೆ ಹೆರಿಗೆಗೆ ಮುಂಚೆ ಒಮ್ಮೆ, ಜ್ವರ ಬಂದಾಗ ಆಂಟಿಬಯಾಟಿಕ್‌ಗೆ ಮುಂಚೆ ಇನ್ನೊಮ್ಮೆ. ಆದರೆ ಮಾದರಿಗಾಗಿ ಔಷಧಿ ತಡ ಮಾಡಬಾರದು.