ಫರಸಿ ನೆಲದ ಹಾಲ್‌ಗೆ ಗಾಜಿನ ಪಾರ್ಟಿಷನ್: ಹಾಕಿಸಿದವರು ನಿಮ್ಮ ಅನುಭವ ಹೇಳಿ

ಕೇಳಿದವರು, ಕಲಬುರಗಿ:

ನಮ್ಮ ಹಾಲ್ ಉದ್ದಕ್ಕಿದೆ, ಅದರ ಕೊನೆಗೆ ಊಟದ ಜಾಗ. ನಡುವೆ ಗಾಜಿನ ಪಾರ್ಟಿಷನ್ ಹಾಕಿಸಬೇಕು ಅಂತಿದ್ದೇವೆ. ಇಟ್ಟಿಗೆ ಗೋಡೆ ಕಟ್ಟಿದರೆ ಒಳಗೆಲ್ಲ ಕತ್ತಲು. ಸದ್ಯ ಕೂಲರ್ ಇದೆ, ಮುಂದೆ ಎಸಿ ಹಾಕಿಸುವ ಯೋಚನೆ ಇದೆ. ನೆಲ ಶಹಾಬಾದ್ ಫರಸಿ, ಅಂದರೆ ಕಲ್ಲಿನ ಚಪ್ಪಡಿಯದು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅತ್ತೆಗೆ ಕಣ್ಣು ಸ್ವಲ್ಪ ಮಂಜು. ಒಬ್ಬ ಅಂಗಡಿಯವರು 8 ಎಂಎಂ ಗಾಜು ಸಾಕು ಅಂತಾರೆ, ಇನ್ನೊಬ್ಬರು 12 ಬೇಕೇ ಬೇಕು ಅಂತಾರೆ. ಯಾರ ಮಾತು ಕೇಳೋದು?

ಉತ್ತರ, ಕಲಬುರಗಿ, ಸೇಡಂ ರಸ್ತೆ ಕಡೆಯಿಂದ:

ಇಬ್ಬರೂ ಸರಿ ಇರಬಹುದು, ಏಕೆಂದರೆ ಒಬ್ಬರು ಫ್ರೇಮ್ ಇರುವ ಪಾರ್ಟಿಷನ್ ಲೆಕ್ಕ ಹೇಳಿರುತ್ತಾರೆ, ಇನ್ನೊಬ್ಬರು ಫ್ರೇಮ್ ಇಲ್ಲದ್ದರದು. ನಾಲ್ಕೂ ಬದಿ ಅಲ್ಯೂಮಿನಿಯಂ ಫ್ರೇಮ್ ಹಿಡಿದಿದ್ದರೆ, ಸಾಮಾನ್ಯ ಎತ್ತರದ ಮನೆಗೆ, ಪ್ಯಾನೆಲ್ ತೀರಾ ಅಗಲ ಇಲ್ಲದಿದ್ದರೆ 8 ಎಂಎಂ ನಡೆಯುತ್ತದೆ. ಮೇಲೆ ಕೆಳಗೆ ಬರೀ ಚಾನೆಲ್ (ಗಾಜಿನ ಅಂಚು ಕೂರುವ ಲೋಹದ ಪಟ್ಟಿ) ಕೊಟ್ಟು ಗಾಜನ್ನು ನಿಲ್ಲಿಸಿ, ಅದರಲ್ಲೇ ತೆರೆಯುವ ಬಾಗಿಲೂ ಬೇಕು ಅಂದರೆ 10 ಅಥವಾ 12 ತೆಗೆದುಕೊಳ್ಳಿ. ಆದರೆ ದಪ್ಪಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಗಾಜು ಟಫನ್ಡ್ ಹೌದೋ ಅಲ್ಲವೋ ಅನ್ನುವುದು. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿ ಬೇಡವೇ ಬೇಡ. ಸಾದಾ ಗಾಜು ಒಡೆದರೆ ಚೂರಿಯಂಥ ಉದ್ದ ಚೂರುಗಳಾಗುತ್ತವೆ. ಟಫನ್ಡ್ ಗಾಜನ್ನು 600 ಡಿಗ್ರಿಗೂ ಜಾಸ್ತಿ ಕಾಯಿಸಿ ಜೋರು ಗಾಳಿಯಿಂದ ತಟ್ಟನೆ ತಣಿಸಿರುತ್ತಾರೆ, ಹಾಗಾಗಿ ಅದು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೂ ಹರಳಿನಂಥ ಸಣ್ಣ ತುಂಡಾಗುತ್ತದೆ. ಗಾಜಿನ ಮೂಲೆಯಲ್ಲಿ ಅಚ್ಚಾದ ಗುರುತು ಇರುತ್ತದೆ, ಐಎಸ್ 2553 ಅಂತ ಬರೆದ ಐಎಸ್‌ಐ ಮುದ್ರೆ ನೋಡಿ. ಆ ಗುರುತು ಫ್ರೇಮ್ ಒಳಗೆ ಮುಚ್ಚಿಹೋಗುವ ಮೊದಲು ನೀವೇ ನಿಂತು ನೋಡಬೇಕು, ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಟಫನ್ಡ್ ಆದ ಮೇಲೆ ಆ ಗಾಜನ್ನು ಕತ್ತರಿಸಲು ಬರುವುದಿಲ್ಲ, ತೂತು ಹಾಕಲು ಬರುವುದಿಲ್ಲ, ಅಂಚು ಸ್ವಲ್ಪ ತಿಕ್ಕುತ್ತೇನೆ ಅಂದರೂ ಆಗುವುದಿಲ್ಲ, ಇಡೀ ಗಾಜು ಪುಡಿಯಾಗುತ್ತದೆ. ಹ್ಯಾಂಡಲ್, ಬೀಗ, ಕೀಲು ಎಲ್ಲದರ ತೂತುಗಳು ಫ್ಯಾಕ್ಟರಿಯಲ್ಲೇ ಮೊದಲೇ ಆಗಿರಬೇಕು. ನಮ್ಮದು ಹೈದರಾಬಾದ್‌ನಿಂದ ತಯಾರಾಗಿ ಬಂತು, ಅಷ್ಟು ದೂರದಿಂದ ಬಂದ ಗಾಜು ಬೆರಳಗಲ ದೊಡ್ಡದಾದರೆ ಮತ್ತೆ ಹೊಸದನ್ನೇ ಮಾಡಿಸಬೇಕು. ಅದಕ್ಕೇ ನೆಲದ ಕೆಲಸ, ಪ್ಲಾಸ್ಟರ್, ಫಾಲ್ಸ್ ಸೀಲಿಂಗ್ ಎಲ್ಲ ಮುಗಿದ ಮೇಲೆಯೇ ಅಂತಿಮ ಅಳತೆ. ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರೂ ಕಡೆ ಅಳೆಯಬೇಕು. ಎತ್ತರವನ್ನೂ ಹಾಗೇ ಎಡಕ್ಕೆ, ಬಲಕ್ಕೆ, ನಡುವೆ. ನಮ್ಮ ಕಡೆ ಫರಸಿ ನೆಲ ಕಣ್ಣಿಗೆ ಸಮ ಕಾಣುತ್ತದೆ ಅಷ್ಟೇ, ಲೇಸರ್ ಲೆವೆಲ್ ಇಟ್ಟು ನೋಡಿದರೆ ಏರಿಳಿತ ಗೊತ್ತಾಗುತ್ತದೆ. ಮಳೆಗಾಲದ ನೀರು ಹೊರಗೆ ಹರಿಯಲಿ, ನೆಲ ತೊಳೆದ ನೀರು ಬಾಗಿಲ ಕಡೆ ಹೋಗಲಿ ಅಂತ ಬೇಕಂತಲೇ ಇಳಿಜಾರು ಕೊಟ್ಟ ಮನೆಗಳೂ ಎಷ್ಟೋ ಇವೆ. ಟೇಪ್ ಮಾತ್ರ ಹಿಡಿದು ಬಂದು ಒಂದೇ ಕಡೆ ಅಳೆದು ಹೊರಡುವವರಿಗೆ ಆರ್ಡರ್ ಕೊಡಬೇಡಿ.

ತೂಕದ ಲೆಕ್ಕವನ್ನೂ ಮಾಡಿಕೊಳ್ಳಿ. ಒಂದು ಚದರ ಮೀಟರ್ ಗಾಜು ಪ್ರತಿ ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ ಬರುತ್ತದೆ. 4 ಅಡಿ ಅಗಲ, 8 ಅಡಿ ಎತ್ತರದ 10 ಎಂಎಂ ಪ್ಯಾನೆಲ್ ಒಂದೇ ಸುಮಾರು 74 ಕೆಜಿ. ಮೇಲಿನ ಮಹಡಿಯಾದರೆ ಅದು ಮೆಟ್ಟಿಲ ತಿರುವಿನಲ್ಲಿ ತಿರುಗುತ್ತದೋ ಇಲ್ಲವೋ ಮೊದಲೇ ನೋಡಿ. ತಿರುಗದಿದ್ದರೆ ಅಗಲ ಕಡಿಮೆ ಮಾಡಿ ಪ್ಯಾನೆಲ್ ಸಂಖ್ಯೆ ಜಾಸ್ತಿ ಮಾಡಿಸಿ.

ಉತ್ತರ, ಕಲಬುರಗಿಯಲ್ಲಿ ಅಲ್ಯೂಮಿನಿಯಂ ಮತ್ತು ಗಾಜಿನ ಕೆಲಸ ಮಾಡುವವರು:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಫರಸಿ ಬಗ್ಗೆ ಹೇಳುತ್ತೇನೆ, ಹೊರಗಿನಿಂದ ಬಂದ ಫಿಟ್ಟರ್‌ಗಳು ಇದನ್ನು ಗಮನಿಸುವುದಿಲ್ಲ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರ ಪದರವಾಗಿ ಏಳುವಂಥದ್ದು. ಹ್ಯಾಮರ್ ಡ್ರಿಲ್ ಹಾಕಿ ಅಂಚಿನ ಹತ್ತಿರ ತೂತು ಮಾಡಿದರೆ ಚಕ್ಕೆ ಎದ್ದುಬಿಡುತ್ತದೆ. ಕಲ್ಲಿನ ಪದರ ದಾಟುವವರೆಗೆ ಹ್ಯಾಮರ್ ಬಂದ್ ಮಾಡಿ ನಿಧಾನ ಕೊರೆಯಬೇಕು, ಎರಡು ಕಲ್ಲಿನ ಸಂದಿಯಿಂದ ದೂರ ಇರಬೇಕು, ಸ್ಕ್ರೂ ಕಲ್ಲಿನ ಕೆಳಗಿನ ಕಾಂಕ್ರೀಟ್ ಹಿಡಿಯಬೇಕು. ಕೆಳಗೆ ಬರೀ ಮೊರಂ (ಗರಸು ಮಣ್ಣು) ತುಂಬಿದ ಹಳೇ ನೆಲವಾದರೆ ಚಾನೆಲ್ ಕೂರುವ ಜಾಗದಲ್ಲಿ ಕಲ್ಲು ತೆಗೆದು ಕಾಂಕ್ರೀಟ್ ಪಟ್ಟಿ ಹಾಕಿಸಿ. ಎರಡು ದಿನ ತಡವಾದರೂ ಚಿಂತೆ ಇಲ್ಲ.

ಗಾಜಿನ ಸಂದಿಗೆ ಹಚ್ಚುವ ಸಿಲಿಕಾನ್ ಅಂಟಿನಲ್ಲಿ ಎರಡು ಜಾತಿ. ಹಚ್ಚುವಾಗ ವಿನೆಗರ್ ವಾಸನೆ ಬಂದರೆ ಅದು ಆಮ್ಲ ಬಿಡುವ ಜಾತಿ, ಫರಸಿಗೂ ಮಾರ್ಬಲ್‌ಗೂ ಅದು ಆಗಿಬರುವುದಿಲ್ಲ, ಕಲ್ಲು ತಿನ್ನುತ್ತದೆ, ಕಲೆ ಬೀಳುತ್ತದೆ. ನ್ಯೂಟ್ರಲ್ ಸಿಲಿಕಾನ್ ಅಂತ ಹೆಸರು ಹೇಳಿಯೇ ಕೇಳಿ. ಟ್ಯೂಬಿನ ಮೇಲೆ ಬರೆದಿರುತ್ತದೆ, ಬೆಲೆ ಸ್ವಲ್ಪ ಜಾಸ್ತಿ.

ಇನ್ನೊಂದು, ಗಾಜು ಯಾವತ್ತೂ ಬರೀ ಕಲ್ಲಿನ ಮೇಲೆ, ಬರೀ ಲೋಹದ ಮೇಲೆ ಕೂರಬಾರದು. ಟಫನ್ಡ್ ಗಾಜಿನ ನಡುವೆ ಗುದ್ದಿದರೆ ತಡೆದುಕೊಳ್ಳುತ್ತದೆ, ಮೂಲೆಗೆ ಸಣ್ಣ ಪೆಟ್ಟು ಬಿದ್ದರೆ ಮುಗಿಯಿತು. ಕೆಳಗೆ ರಬ್ಬರ್ ಬ್ಲಾಕ್, ಬದಿಗೆ ಗ್ಯಾಸ್ಕೆಟ್ ಅನ್ನುವ ರಬ್ಬರ್ ಪಟ್ಟಿ ಇರಲಿ. ಮೇಲೆ ಚಾನೆಲ್ ಒಳಗೆ ಖಾಲಿ ಜಾಗ ಬಿಡಿಸಿ. ನಮ್ಮದು ಎರೆಮಣ್ಣಿನ ಸೀಮೆ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ, ಅದರ ಜೊತೆ ಮನೆಯೂ ಕೂದಲೆಳೆಯಷ್ಟು ಅಲುಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಕಡೆ ಭೂಮಿ ನಡುಗಿದ್ದು ನೆನಪಿದೆ ಅಲ್ವಾ? ಸ್ಲ್ಯಾಬಿಗೆ ಬಿಗಿದು ಕೂರಿಸಿದ ಗಾಜಿಗೆ ಅಲುಗಲು ಜಾಗವೇ ಇರುವುದಿಲ್ಲ.

ಬಾಗಿಲಿಗೆ ಫ್ಲೋರ್ ಸ್ಪ್ರಿಂಗ್ (ಬಾಗಿಲನ್ನು ತಾನೇ ಮುಚ್ಚಿಸುವ, ನೆಲದೊಳಗೆ ಕೂರುವ ಸಾಧನ) ಬೇಕೆಂದರೆ ನೆಲದಲ್ಲಿ ಗುಂಡಿ ತೋಡಬೇಕಾಗುತ್ತದೆ. ನೆಲ ಒಡೆಯುವ ಮನಸ್ಸಿಲ್ಲದವರಿಗೆ ಬಾಗಿಲಿನ ಕೆಳಮೂಲೆಯನ್ನು ಹಿಡಿಯುವ ಲೋಹದ ಪ್ಯಾಚ್‌ನಲ್ಲೇ ಬಾಗಿಲು ಮುಚ್ಚಿಸುವ ಹೈಡ್ರಾಲಿಕ್ ಇರುವುದು ಸಿಗುತ್ತದೆ. ಸರಿಯುವ ಬಾಗಿಲಾದರೆ ಮೇಲಿನಿಂದ ತೂಗುವ ರೈಲು ಹಾಕಿಸಿ. ನೆಲದ ಟ್ರ್ಯಾಕ್‌ನಲ್ಲಿ ನಮ್ಮ ಬೇಸಿಗೆಯ ದೂಳು ತುಂಬಿ ಚಕ್ರ ಸವೆಯುತ್ತದೆ, ಅಜ್ಜಿಯ ಕಾಲೂ ತಾಗುತ್ತದೆ.

ಉತ್ತರ, ಬೀದರ್:

ನಮ್ಮ ಹಳೇ ಮನೆ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಆ ಕಲ್ಲಿನಲ್ಲಿ ತೂತುಗಳೇ ಜಾಸ್ತಿ, ತೂತಿನೊಳಗೆ ಹಿಗ್ಗಿ ಹಿಡಿಯುವ ಎಕ್ಸ್‌ಪಾನ್ಷನ್ ಬೋಲ್ಟ್ ಬಿಗಿದಂತೆ ಕಲ್ಲೇ ಪುಡಿಯಾಗಿ ಉದುರಿತು. ಕೊನೆಗೆ ಗೋಡೆಯ ನಂಬಿಕೆ ಬಿಟ್ಟು, ನೆಲದಿಂದ ಮೇಲಿನ ತೊಲೆಯವರೆಗೆ ಕಬ್ಬಿಣದ ಚೌಕ ಪೈಪ್ ನಿಲ್ಲಿಸಿ ಅದಕ್ಕೇ ಫ್ರೇಮ್ ಕೂರಿಸಿದರು. ಹಳೇ ಕಲ್ಲಿನ ಮನೆ ಇದ್ದವರಿಗೆ ಇದೇ ದಾರಿ ಒಳ್ಳೆಯದು, ಇಲ್ಲವೆಂದರೆ ತೂತಿಗೆ ಅಂಟು ತುಂಬಿ ಬೋಲ್ಟ್ ಕೂರಿಸುವ ಕೆಮಿಕಲ್ ಆಂಕರ್ ಕೇಳಿ ನೋಡಿ.

ಕೇಳಿದವರು:

ತುಂಬಾ ಉಪಕಾರ. ಕೂಲರ್ ಬಗ್ಗೆ ಯಾರೂ ಹೇಳಲಿಲ್ಲ. ಎಸಿ ಬರುವವರೆಗೆ ಒಂದು ಬೇಸಿಗೆಯಾದರೂ ಕೂಲರ್ ಮೇಲೆಯೇ ಕಳೆಯಬೇಕು.

ಉತ್ತರ, ಯಾದಗಿರಿ:

ಇದನ್ನು ಕೇಳಿದ್ದು ಒಳ್ಳೆಯದಾಯಿತು. ಕೂಲರ್‌ಗೂ ಎಸಿಗೂ ಬೇಕಾದ್ದು ಪೂರ್ತಿ ಉಲ್ಟಾ. ಎಸಿಗೆ ಕೋಣೆ ಮುಚ್ಚಿರಬೇಕು, ಹಾಲ್ ಚಿಕ್ಕದಾದಷ್ಟೂ ಬೇಗ ತಣ್ಣಗಾಗುತ್ತದೆ, ಕರೆಂಟೂ ಉಳಿಯುತ್ತದೆ. ಕೂಲರ್ ಹೊರಗಿನ ಒಣಗಾಳಿಗೆ ನೀರು ಸೇರಿಸಿ ಒಳಗೆ ತಳ್ಳುತ್ತದೆ, ಆ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಲೇಬೇಕು. ನೆಲದಿಂದ ಸ್ಲ್ಯಾಬಿನವರೆಗೆ ಗಾಜು ಮುಚ್ಚಿದರೆ ಹಾಲ್‌ನಲ್ಲಿ ತೇವ ತುಂಬಿ ಮೈ ಅಂಟು ಅಂಟು, ಊಟದ ಜಾಗದಲ್ಲಿ ಸೆಖೆ. ಮೇಲಿನ ಒಂದು ಒಂದೂವರೆ ಅಡಿಯನ್ನು ಬೇರೆ ಪ್ಯಾನೆಲ್ ಮಾಡಿ ತೆರೆದು ಮುಚ್ಚುವಂತೆ ಇಡಿಸಿ. ಬೇಸಿಗೆಯಲ್ಲಿ ತೆರೆದಿಡಿ, ಎಸಿ ಬಂದ ಮೇಲೆ ಮುಚ್ಚಿ. ನಮ್ಮ ಅಕ್ಕನ ಮನೆಯಲ್ಲಿ ಹಾಗೇ ಮಾಡಿದ್ದಾರೆ, ಮೇ ತಿಂಗಳಲ್ಲೂ ಒಳಗಿನ ಕೋಣೆಗೆ ಗಾಳಿ ಬರುತ್ತದೆ.

ಅಡುಗೆಮನೆ ಒಗ್ಗರಣೆ ವಾಸನೆ ಹಾಲ್‌ಗೆ ಬರಬಾರದು ಅಂತ ಹಾಕಿಸುವುದಾದರೆ ಬಾಗಿಲಿನ ಕೆಳಗಿನ ಸಂದಿಗೆ ಬ್ರಷ್ ಸೀಲ್ ಬೇಕು. ಶಬ್ದಕ್ಕೂ ಅಷ್ಟೇ, ಗಾಜು ಎಷ್ಟೇ ದಪ್ಪ ಇದ್ದರೂ ಟಿವಿ ಸದ್ದು ಸಂದಿಯಿಂದಲೇ ಬರುತ್ತದೆ.

ಉತ್ತರ, ಕಲಬುರಗಿ, ಇಬ್ಬರು ಮಕ್ಕಳ ತಾಯಿ:

ನಿಮ್ಮ ಅತ್ತೆಯವರ ವಿಷಯ ನನಗೆ ಮುಖ್ಯ ಅನಿಸಿತು. ಶುಭ್ರವಾದ ಗಾಜು ಕಾಣುವುದೇ ಇಲ್ಲ, ಒಳ್ಳೆ ಕಣ್ಣಿನವರೂ ಹಣೆ ಬಡಿದುಕೊಳ್ಳುತ್ತಾರೆ. ಮಕ್ಕಳ ಕಣ್ಣಿನ ಎತ್ತರಕ್ಕೆ ಒಂದು, ದೊಡ್ಡವರ ಎತ್ತರಕ್ಕೆ ಒಂದು ಫ್ರಾಸ್ಟೆಡ್ (ಮಬ್ಬು) ಪಟ್ಟಿ ಗಾಜಿನ ಉದ್ದಕ್ಕೂ ಬರಲಿ. ಕಂಚು ಬಣ್ಣದ ಅಥವಾ ಕಪ್ಪು ಫ್ರೇಮ್ ಹಾಕಿದರೂ ಎಲ್ಲಿ ಬಾಗಿಲು ಎಲ್ಲಿ ಗಾಜು ಅಂತ ಹಿರಿಯರಿಗೆ ತಿಳಿಯುತ್ತದೆ. ಗೆರೆಗೆರೆಯ ಫ್ಲೂಟೆಡ್ ಗಾಜು ನನಗೆ ಇಷ್ಟ. ಬೆಳಕು ಪೂರ್ತಿ ಬರುತ್ತದೆ, ಊಟ ಮಾಡುವವರು ಮಬ್ಬಾಗಿ ಕಾಣುತ್ತಾರೆ, ಬೆರಳಚ್ಚೂ ಅಷ್ಟು ಎದ್ದು ಕಾಣುವುದಿಲ್ಲ.

ಬಜೆಟ್ ಇದ್ದರೆ ಮಕ್ಕಳು ಆಡುವ ಕಡೆಗೆ ಟಫನ್ಡ್ ಲ್ಯಾಮಿನೇಟೆಡ್ ಕೇಳಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಚೂರು ಅದಕ್ಕೇ ಅಂಟಿಕೊಂಡು ನಿಲ್ಲುತ್ತದೆ, ಸದ್ದೂ ಕಡಿಮೆ ದಾಟುತ್ತದೆ.

ಒರೆಸುವಾಗ ಬೋರ್‌ವೆಲ್ ನೀರು ಬೇಡ, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಕುಡಿಯುವ ಆರ್‌ಒ ಫಿಲ್ಟರ್ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ. ಕಲೆ ತೆಗೆಯಲು ವಿನೆಗರ್ ಅಂತ ಕೆಲವರು ಹೇಳುತ್ತಾರೆ, ಗಾಜಿಗೆ ಅದು ಸರಿ, ಆದರೆ ಕೆಳಗೆ ಫರಸಿ ಮೇಲೆ ಹನಿ ಬಿದ್ದರೆ ಹೊಳಪು ಹೋಗುತ್ತದೆ.

ಉತ್ತರ, ಸೇಡಂ ರಸ್ತೆಯವರೇ ಮತ್ತೆ:

ದುಡ್ಡಿನ ಮಾತು ಬಿಟ್ಟುಹೋಗಿತ್ತು. ಚದರ ಅಡಿ ರೇಟ್ ಒಂದನ್ನೇ ಕೇಳಿ ಹೋಲಿಸಬೇಡಿ. ತೂತು, ಹಾರ್ಡ್‌ವೇರ್, ಸಾಗಾಟ, ಜಿಎಸ್‌ಟಿ, ಕೂಲಿ ಇದರೊಳಗೆ ಬಂದಿವೆಯಾ ಅಂತ ಕೇಳಿ. ಗಾಜಿನ ಅಳತೆಯನ್ನು ಮೇಲಿನ ಅಂಕಿಗೆ ಏರಿಸಿ ಬಿಲ್ ಮಾಡುವ ರೂಢಿ ಇದೆ, ಎಷ್ಟು ಇಂಚಿಗೆ ಏರಿಸುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ. ದಾರಿಯಲ್ಲಿ ಒಡೆದರೆ ಯಾರ ಖರ್ಚು, ಕೂರಿಸುವಾಗ ಒಡೆದರೆ ಯಾರ ಖರ್ಚು, ಎರಡನ್ನೂ ಕೊಟೇಷನ್ ಮೇಲೆಯೇ ಬರೆಸಿ. ಬಾಗಿಲು ನಾಲ್ಕು ದಿನ ತೆರೆದು ಮುಚ್ಚಿ ನೋಡುವವರೆಗೆ ಕೊನೆಯ ಕಂತು ನಿಮ್ಮ ಕೈಯಲ್ಲೇ ಇರಲಿ.